ನಾಳೆ ಬೆಳಿಗ್ಗೆಗೆ ಎಷ್ಟು ರುಬ್ಬಬೇಕು? ಹೋಟೆಲ್ ಅಡುಗೆಮನೆಯ ಪೂರ್ವತಯಾರಿಯ ಬಗ್ಗೆ ಒಂದು ಪ್ರಶ್ನೆ

ಹೊಸಕೈ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯವನು. ಏಳು ತಿಂಗಳಿಂದ ದಕ್ಷಿಣ ಬೆಂಗಳೂರಿನ ಒಂದು ದರ್ಶಿನಿಯ ಅಡುಗೆಮನೆಯಲ್ಲಿದ್ದೇನೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ 'ಹೆಲ್ಪರ್' ಎಂದಿದೆ. ಮಾಡುವ ಕೆಲಸವೆಂದರೆ ಒಲೆಯ ಮುಂದೆ ನಿಲ್ಲುವವರಿಗೆ ಬೇಕಾದುದನ್ನೆಲ್ಲ ಅವರು ಬರುವ ಮೊದಲೇ ಸಿದ್ಧಪಡಿಸಿಡುವುದು. ಮಧ್ಯಾಹ್ನ ಅಕ್ಕಿ, ಉದ್ದು ನೆನೆಹಾಕಿ ಸಂಜೆ ರುಬ್ಬುತ್ತೇನೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಈರುಳ್ಳಿ, ಆಲೂಗಡ್ಡೆ, ಬೀನ್ಸ್, ಕೊತ್ತಂಬರಿಯ ಕೆಲಸ ಮುಗಿಸಿ ಕಾಯಿ ತುರಿದು ಕೊಡುತ್ತೇನೆ.

ಇಷ್ಟು ದಿನ ಮಾಸ್ಟರ್ ಹೇಳಿದಷ್ಟು ಮಾಡುತ್ತಿದ್ದೆ. ಕಳೆದ ತಿಂಗಳಿಂದ ಅವರು, 'ಎಷ್ಟು ಬೇಕೆಂದು ಇನ್ನು ಮೇಲೆ ನೀನೇ ನೋಡಿಕೋ' ಎಂದುಬಿಟ್ಟಿದ್ದಾರೆ. ಒಂದು ಭಾನುವಾರ ದೋಸೆಗೆ ಐದು ಕಿಲೋ ಉದ್ದು, ಇಪ್ಪತ್ತು ಕಿಲೋ ಅಕ್ಕಿ ಹಾಕಿದ್ದೆ. ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಹಿಟ್ಟು ಮುಗಿದು, ಟೋಕನ್ ಹಿಡಿದವರಿಗೆ ಹಣ ಹಿಂದಿರುಗಿಸಬೇಕಾಯಿತು. ಆ ಹೆದರಿಕೆಯಲ್ಲಿ ಸೋಮವಾರ ಸಂಜೆಯೂ ಅಷ್ಟೇ ರುಬ್ಬಿದೆ. ಮಂಗಳವಾರ ಎರಡು ಬಕೆಟ್ ಉಳಿದು ಹುಳಿಯಾಯಿತು. ಆ ಎರಡು ಬಕೆಟ್ಟಿನ ಹಣವನ್ನು ಸಂಬಳದಲ್ಲಿ ಹಿಡಿದುಕೊಂಡರು. ಬೈಗುಳವನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಆದರೆ ಈ ಅಂದಾಜನ್ನು ಅನುಭವಿಗಳು ಹೇಗೆ ಮಾಡುತ್ತಾರೆ, ಅದನ್ನು ಕಲಿಯುವ ದಾರಿಯೇನಾದರೂ ಇದೆಯೇ ಎಂಬುದು ತಿಳಿದವರಿಂದ ಗೊತ್ತಾಗಬೇಕಾಗಿದೆ.

ಹಳೆಯ ಸೌಟು (ಕುಂದಾಪುರ)

ತಮ್ಮಾ, ಮುಂಬಯಿಯಲ್ಲಿ ಹನ್ನೆರಡು ವರ್ಷ, ಬೆಂಗಳೂರಿನಲ್ಲಿ ಹತ್ತೊಂಬತ್ತು ವರ್ಷ ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ಕಳೆದು ಊರಿಗೆ ಬಂದು ಕುಳಿತವನು ನಾನು. ಮೊದಲ ನಾಲ್ಕು ವರ್ಷ ನನಗೆ ಬಾಣಲೆ ಮುಟ್ಟಲು ಬಿಡಲಿಲ್ಲ. ಕಾಯಿ ತುರಿ, ಉದ್ದು ತೊಳೆ, ಈರುಳ್ಳಿ ಸುಲಿ ಎಂಬಲ್ಲಿಗೆ ದಿನ ಮುಗಿಯುತ್ತಿತ್ತು. ಆಗ ಅವಮಾನ ಅನಿಸುತ್ತಿತ್ತು. ಈಗ ಯೋಚಿಸಿದರೆ, ಗಲ್ಲಾದಲ್ಲಿ ಕುಳಿತ ಸಾಹುಕಾರರಿಗಿಂತ ಮೊದಲು ನಾಳೆಯ ವ್ಯಾಪಾರ ಎಷ್ಟೆಂದು ತೀರ್ಮಾನಿಸುತ್ತಿದ್ದವನು ಉದ್ದು ನೆನೆಹಾಕುವ ಹುಡುಗನೇ.

ಅಂದಾಜು ಮಾಡುವವನು ಗಿರಾಕಿಗಳನ್ನು ಎಣಿಸಬಾರದು, ದೋಸೆಗಳನ್ನು ಎಣಿಸಬೇಕು. ನಿಮ್ಮ ದೋಸೆ ಮಾಸ್ಟರ್ ಹಿಡಿಯುವ ಸೌಟನ್ನು ತೆಗೆದುಕೊಂಡು ನೀರಿನಿಂದ ಅಳೆದು ನೋಡು. ಅದು ನೂರ ಹತ್ತು ಮಿಲಿಲೀಟರಿನ ಆಸುಪಾಸಿನಲ್ಲಿದ್ದರೆ ಲೀಟರಿಗೆ ಒಂಬತ್ತು ದೋಸೆ ಬರುತ್ತದೆ. ಅಕ್ಕಿ, ಉದ್ದು ಸೇರಿ ಒಂದು ಕಿಲೋ ಧಾನ್ಯಕ್ಕೆ ನನ್ನ ಕಾಲದಲ್ಲಿ ಎರಡೂಕಾಲು ಲೀಟರ್ ಹಿಟ್ಟು ಬರುತ್ತಿತ್ತು. ನಿನ್ನ ಇಪ್ಪತ್ತೈದು ಕಿಲೋಗೆ ಐವತ್ತಾರು ಲೀಟರ್, ಅಂದರೆ ಹೆಚ್ಚುಕಡಿಮೆ ಐನೂರು ದೋಸೆ. ಭಾನುವಾರ ಒಂಬತ್ತೂ ನಲವತ್ತಕ್ಕೆ ಐನೂರು ದೋಸೆ ಹೋಗಿದ್ದರೆ ಅದು ನಿನ್ನ ತಪ್ಪು. ಮುನ್ನೂರೈವತ್ತೇ ಹೋಗಿದ್ದರೆ ತಪ್ಪು ಉದ್ದಿನದು, ಇಲ್ಲವೇ ಸೌಟು ಹಿಡಿದವನದು. ಟೋಕನ್ನಿನ ಲೆಕ್ಕ ಗಲ್ಲಾದಲ್ಲಿ ಇದ್ದೇ ಇರುತ್ತದೆ, ಕೇಳಿ ನೋಡು.

ಉದ್ದಿನ ತಪ್ಪು ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ದಾಸ್ತಾನಿನ ಉದ್ದು ಎಷ್ಟು ರುಬ್ಬಿದರೂ ಉಬ್ಬುವುದಿಲ್ಲ. ಒಳ್ಳೆಯ ಉದ್ದಾದರೂ ಒಮ್ಮೆಲೇ ನೀರು ಸುರಿದು ರುಬ್ಬಿದರೆ ಸತ್ತ ಹಿಟ್ಟಾಗುತ್ತದೆ. ಅಂಗೈಯಲ್ಲಿ ಹಿಡಿದಷ್ಟೇ ನೀರನ್ನು ಮತ್ತೆ ಮತ್ತೆ ಚಿಮುಕಿಸುತ್ತಾ ರುಬ್ಬಬೇಕು. ಒಂದು ಚಿಟಿಕೆ ಹಿಟ್ಟನ್ನು ನೀರಿನ ಲೋಟಕ್ಕೆ ಬಿಟ್ಟರೆ ಅದು ಮುಳುಗದೆ ಬೆಣ್ಣೆಯುಂಡೆಯಂತೆ ತೇಲಬೇಕು. ಗ್ರೈಂಡರಿನ ಕಲ್ಲು ತಿರುಗಿ ತಿರುಗಿ ಬಿಸಿಯಾಗುತ್ತದೆ, ಆ ಬಿಸಿ ಹಿಟ್ಟಿಗೆ ಇಳಿಯುತ್ತದೆ. ಆದ್ದರಿಂದ ಏಪ್ರಿಲ್ ತಿಂಗಳಲ್ಲಿ ನಾವು ಐಸ್ ನೀರನ್ನೇ ಹಾಕುತ್ತಿದ್ದೆವು. ಒಂದೇ ಅಳತೆಯ ಬೇಳೆಯಿಂದ ಒಬ್ಬನು ಒಂದೂವರೆ ಬಕೆಟ್ ತೆಗೆದರೆ ಇನ್ನೊಬ್ಬನು ಒಂದೇ ಬಕೆಟ್ ತೆಗೆಯುವುದು ಹೀಗೆ.

ಇನ್ನು ಪಂಚಾಂಗ. ಗೋಡೆಯ ಮೇಲಿರುವ ಕ್ಯಾಲೆಂಡರನ್ನು ರುಬ್ಬುವವನು ದಿನಾ ನೋಡಬೇಕು. ಏಕಾದಶಿಯಂದು ಹಳೆಯ ಬಡಾವಣೆಗಳಲ್ಲಿ ದೋಸೆಯ ಬೇಡಿಕೆ ತಗ್ಗಿ ಅವಲಕ್ಕಿ ಕೇಳುವವರು ಹೆಚ್ಚುತ್ತಾರೆ. ಸಂಕಷ್ಟಿಯಂದು ಬೆಳಗಿನ ವ್ಯಾಪಾರ ಸಪ್ಪೆ. ಗಣೇಶ ಚತುರ್ಥಿ, ಯುಗಾದಿಯ ಬೆಳಿಗ್ಗೆ ಮನೆಯಲ್ಲೇ ಅಡುಗೆಯಿರುತ್ತದೆ. ಹಬ್ಬದ ಮರುದಿನ ಮಾತ್ರ ಮನೆಯ ಹೆಂಗಸರಿಗೂ ಒಲೆ ಹಚ್ಚುವ ಮನಸ್ಸಿರುವುದಿಲ್ಲವಾದ್ದರಿಂದ ಜನ ಮುಗಿಬೀಳುತ್ತಾರೆ. ತಿಂಗಳ ಮೊದಲ ವಾರ ಮಸಾಲೆ ದೋಸೆ, ಕೊನೆಯ ವಾರ ಇಡ್ಲಿ. ಜಡಿಮಳೆಯಿದ್ದರೆ ಬೆಳಿಗ್ಗೆ ನಷ್ಟ, ಸಂಜೆ ಬಜ್ಜಿಯಲ್ಲಿ ಲಾಭ. ಇವೆಲ್ಲ ನಮ್ಮ ಕಾಲದಲ್ಲಿ ಉಗ್ರಾಣದ ಬಾಗಿಲಿನ ಹಿಂಭಾಗದಲ್ಲಿ ಸೀಮೆಸುಣ್ಣದಲ್ಲಿ ಇರುತ್ತಿದ್ದವು.

ಹಿಟ್ಟು ಮುಗಿದಾಗ ರವೆ ಇಡ್ಲಿ ಕೈಹಿಡಿಯುತ್ತದೆ ಎಂಬುದನ್ನೂ ಮರೆಯಬೇಡ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವವಾದಾಗ ಎಂ.ಟಿ.ಆರ್.ನವರು ಅದನ್ನು ಮಾಡಿದರು ಎಂಬುದು ಎಲ್ಲರಿಗೂ ಗೊತ್ತು. ನಮ್ಮಂಥವರಿಗೆ ಅದರ ಬೆಲೆ ಬೇರೆ: ರಾತ್ರಿಯಿಡೀ ಕಾಯಬೇಕಿಲ್ಲ, ಹುರಿದ ರವೆ ಮತ್ತು ಮೊಸರು ಇದ್ದರೆ ಅರ್ಧ ಗಂಟೆಯಲ್ಲಿ ತಟ್ಟೆಗೆ ಬರುತ್ತದೆ.

ಬೆಣ್ಣೆದೋಸೆ (ದಾವಣಗೆರೆ)

ಹಿರಿಯರ ಮಾತು ಒಪ್ಪತಕ್ಕದ್ದೇ. ಆದರೂ ಸಣ್ಣ ಹೋಟೆಲೊಂದನ್ನು ನಡೆಸುವವನಾಗಿ ಒಂದು ಮಾತು ಸೇರಿಸಬೇಕೆನಿಸುತ್ತದೆ. ಅಂದಾಜನ್ನು ಒಂದೇ ಸಲಕ್ಕೆ ಮಾಡುವ ಪದ್ಧತಿಯಲ್ಲೇ ದೋಷವಿದೆ. ನಾನು ಉದ್ದನ್ನು ಹೆಚ್ಚಾಗಿಯೇ ನೆನೆಹಾಕಿಸುತ್ತೇನೆ, ಆದರೆ ಎಲ್ಲವನ್ನೂ ರುಬ್ಬಿಸುವುದಿಲ್ಲ. ನೆನೆದ ಕಾಳಿನಲ್ಲಿ ಒಂದು ಪಾಲು ನೀರು ಬಸಿದು ಫ್ರಿಜ್ಜಿಗೆ ಹೋಗುತ್ತದೆ. ಸಂಜೆಯ ವ್ಯಾಪಾರ ನೋಡಿದ ಮೇಲೆ ರಾತ್ರಿ ಒಂಬತ್ತಕ್ಕೆ ಅದನ್ನು ರುಬ್ಬಬೇಕೋ ಬೇಡವೋ ಎಂದು ನಿರ್ಧರಿಸುತ್ತೇವೆ. ರುಬ್ಬಿದ ಹಿಟ್ಟಿನಲ್ಲೂ ಅಷ್ಟೇ, ಹುದುಗಿದ ಬಕೆಟ್ಟುಗಳನ್ನು ಒಂದರ ಹಿಂದೊಂದು ತೆರೆಯಬೇಕು. ಬೆಳಿಗ್ಗೆ ತೆರೆಯದ ಬಕೆಟ್ಟನ್ನು ಕೂಡಲೇ ತಣ್ಣಗೆ ಇಟ್ಟರೆ ಸಂಜೆಗೆ ಒದಗುತ್ತದೆ.

ತರಕಾರಿಗೂ ಇದೇ ಕ್ರಮ. ಆಲೂಗಡ್ಡೆಯನ್ನು ಬೇಯಿಸಿದರೆ ಹಿಂದಕ್ಕೆ ಹೋಗಲಾಗದು, ಹೆಚ್ಚದ ಈರುಳ್ಳಿ ಮಾತ್ರ ನಾಳೆಗೂ ಈರುಳ್ಳಿಯೇ. ಆದ್ದರಿಂದ ಸುಲಿದಿಡಿ, ಹೆಚ್ಚುವುದನ್ನು ಕೊನೆಗೆ ಇಡಿ. ಹೆಚ್ಚಿದ ಈರುಳ್ಳಿ ಎರಡು ಗಂಟೆಯಲ್ಲಿ ನೀರೊಡೆದು ಘಾಟು ಬರುತ್ತದೆ, ಈರುಳ್ಳಿ ದೋಸೆಗೆ ಅದು ಬಾರದು. ನಮ್ಮ ಬೆಣ್ಣೆ ದೋಸೆಯ ಹಿಟ್ಟಿಗೆ ಮಂಡಕ್ಕಿಯೂ ಬೀಳುವುದರಿಂದ ಅದು ಬೇಗ ಹುಳಿಯೇರುತ್ತದೆ. ಈ ಎಚ್ಚರ ನನಗೆ ಬಂದದ್ದು ಜಾಣತನದಿಂದಲ್ಲ, ಚರಂಡಿಗೆ ಸುರಿದ ಬಕೆಟ್ಟುಗಳಿಂದ.

ಹುದುಗು (ಮೈಸೂರು)

ನಾನು ಆಹಾರ ವಿಜ್ಞಾನದ ವಿದ್ಯಾರ್ಥಿನಿ. ನಮ್ಮ ಊರಿನಲ್ಲಿ ಸಿ.ಎಫ್.ಟಿ.ಆರ್.ಐ. (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಇರುವುದರಿಂದ ಇಡ್ಲಿ ಹಿಟ್ಟಿನ ಬಗ್ಗೆ ಗಂಭೀರವಾಗಿ ಮಾತನಾಡಿದರೆ ಯಾರೂ ನಗುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಹಿಟ್ಟು ಉಬ್ಬುವುದಕ್ಕೆ ಮುಖ್ಯ ಕಾರಣ ಲ್ಯುಕೊನಾಸ್ಟಾಕ್ ಮೆಸೆಂಟರಾಯಿಡಿಸ್ ಎಂಬ ಬ್ಯಾಕ್ಟೀರಿಯಾ. ಅದು ಹೊರಗಿನಿಂದ ಬರಬೇಕಾಗಿಲ್ಲ, ಧಾನ್ಯದಲ್ಲೇ ಇರುತ್ತದೆ; ಹುಳಿಯನ್ನೂ ಅನಿಲವನ್ನೂ ಒಟ್ಟಿಗೆ ಉಂಟುಮಾಡುತ್ತದೆ. ಆ ಅನಿಲವನ್ನು ಹಿಡಿದಿಟ್ಟುಕೊಳ್ಳುವುದು ಉದ್ದಿನ ಪ್ರೋಟೀನು ಮತ್ತು ಅದರ ಲೋಳೆ. ಹಿರಿಯರು ಹೇಳಿದ 'ಸತ್ತ ಹಿಟ್ಟು' ಎಂದರೆ ಹಿಡಿದಿಡುವ ಈ ಶಕ್ತಿ ಕೆಟ್ಟ ಹಿಟ್ಟು. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಹುದುಗು ನಿಧಾನವಾಗುವುದರಿಂದ ಬೇಸಿಗೆಗಿಂತ ಕೆಲವು ಗಂಟೆ ಮುಂಚೆಯೇ ರುಬ್ಬಬೇಕಾಗುತ್ತದೆ.

ಆದರೆ ನನ್ನ ಮುಖ್ಯ ಮಾತು ಹಿಟ್ಟಿನ ಬಗ್ಗೆ ಅಲ್ಲ. ಹುಳಿಯಾದ ಹಿಟ್ಟು ರುಚಿ ಕೆಡಿಸಬಹುದು, ಆದರೆ ಆ ಹುಳಿಯೇ ಅದಕ್ಕೆ ಒಂದಿಷ್ಟು ರಕ್ಷಣೆಯೂ ಹೌದು. ಅಪಾಯವಿರುವುದು ಹುಳಿಯಿಲ್ಲದ ತಯಾರಿಗಳಲ್ಲಿ: ಬೇಯಿಸಿಟ್ಟ ಅನ್ನ, ಬೇಯಿಸಿ ಸುಲಿದ ಆಲೂಗಡ್ಡೆ, ಕಾಯಿ ಚಟ್ನಿ. ಐದು ಡಿಗ್ರಿಯಿಂದ ಅರವತ್ತು ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ರೋಗಾಣುಗಳು ಬೆಳೆಯುತ್ತವೆ. ಅನ್ನದಲ್ಲಿ ಬೆಸಿಲಸ್ ಸೀರಿಯಸ್ ಎಂಬುದರ ಬೀಜಕಗಳು ಕುದಿತವನ್ನೂ ತಡೆದುಕೊಂಡು ಉಳಿಯಬಲ್ಲವಾದ್ದರಿಂದ, ಚಿತ್ರಾನ್ನಕ್ಕೆಂದು ರಾತ್ರಿಯೇ ಅನ್ನ ಮಾಡಿ ದೊಡ್ಡ ಪಾತ್ರೆಯಲ್ಲಿ ಮುಚ್ಚಿಡುವುದು ಬೆಳಗಿನ ಕೆಲಸವನ್ನು ಹಗುರ ಮಾಡಿದರೂ ಸರಿಯಾದ ಕ್ರಮವಲ್ಲ. ಅಗಲವಾದ ತಟ್ಟೆಗಳಲ್ಲಿ ತೆಳುವಾಗಿ ಹರಡಿ ಆರಿಸಿ ಬೇಗ ತಣ್ಣಗೆ ಇಡಬೇಕು, ಇಲ್ಲವೇ ಬೆಳಿಗ್ಗೆಯೇ ಮಾಡಬೇಕು. ಉಳಿದ ಚಟ್ನಿಗೆ ಹೊಸ ಚಟ್ನಿಯನ್ನು ಬೆರೆಸುವ ಅಭ್ಯಾಸವನ್ನಂತೂ ಯಾರೂ ಸಮರ್ಥಿಸಬಾರದು.

ಹಳೆಯ ಸೌಟು (ಕುಂದಾಪುರ)

ತಂಗಿ, ಚಟ್ನಿಯ ಮಾತಿಗೆ ನನ್ನ ಎರಡೂ ಕೈ ಎತ್ತಿದ್ದೇನೆ. ಆದರೆ ಹಿಟ್ಟಿನ ವಿಷಯದಲ್ಲಿ, ಚಳಿಗಾಲದಲ್ಲಿ ನಿನ್ನೆಯ ಹಿಟ್ಟನ್ನು ಒಂದು ಸೌಟು ಹೊಸದಕ್ಕೆ ಸೇರಿಸುವುದು ತಪ್ಪಲ್ಲ, ಅದು ಮೊಸರಿಗೆ ಹೆಪ್ಪು ಹಾಕಿದಂತೆ. ಒಂದು ಸೌಟು ಎಂದೆ. ಉಳಿದ ಅರ್ಧ ಬಕೆಟ್ ಸುರಿದು 'ಹೆಪ್ಪು' ಎಂದು ಹೇಳಿಕೊಳ್ಳುವವರನ್ನೂ ನೋಡಿದ್ದೇನೆ.

ಹುದುಗು (ಮೈಸೂರು)

ಒಂದು ಸೌಟಿಗೆ ನನ್ನ ತಕರಾರಿಲ್ಲ.

ಈಳಿಗೆಮಣೆ (ಶಿರಸಿ)

ಚರ್ಚೆಯೆಲ್ಲ ಹಿಟ್ಟಿನಲ್ಲೇ ಸುತ್ತುತ್ತಿದೆ. ನಾನು ಮದುವೆ, ಮುಂಜಿಗಳ ಅಡುಗೆಯ ತಂಡದಲ್ಲಿ ತರಕಾರಿ ಹೆಚ್ಚುವವಳು. ಹೋಟೆಲಿನವಳಲ್ಲದಿದ್ದರೂ ಕೆಲಸ ಒಂದೇ ಜಾತಿಯದು. ನಮ್ಮ ಕಡೆ ಹಿಂದೆ ಮದುವೆಯ ಹಿಂದಿನ ರಾತ್ರಿ ಊರವರೆಲ್ಲ ಈಳಿಗೆಮಣೆ, ಮೆಟ್ಟುಗತ್ತಿ ಹಿಡಿದು ಬಂದು ಮಾತನಾಡುತ್ತಾ ತರಕಾರಿ ಹೆಚ್ಚಿಕೊಟ್ಟು ಹೋಗುತ್ತಿದ್ದರು. ಆಗ ಅದು ಸಂಬಂಧದ ಕೆಲಸವಾಗಿತ್ತು. ಈಗ ಐದಾರು ಜನ ಕೂಲಿಗೆ ಮಾಡುತ್ತೇವೆ.

ಹೆಚ್ಚುವವರ ಅಂದಾಜು ಎಷ್ಟು ಎಂಬಲ್ಲಿಗೆ ನಿಲ್ಲುವುದಿಲ್ಲ, ಎಷ್ಟು ದೊಡ್ಡದು ಎಂಬುದರಲ್ಲೂ ಇದೆ. ಹುಳಿಗೆ ಹಾಕುವ ಮಂಗಳೂರು ಸೌತೆಯನ್ನೂ ಬೂದುಗುಂಬಳವನ್ನೂ ದೊಡ್ಡ ಹೋಳು ಮಾಡಬೇಕು, ಏಕೆಂದರೆ ನೂರಾರು ಜನರ ಕೊಪ್ಪರಿಗೆಯಲ್ಲಿ ಒಲೆ ಆರಿದ ಮೇಲೂ ಅರ್ಧ ಗಂಟೆ ಬೇಯುತ್ತಲೇ ಇರುತ್ತದೆ; ಮನೆಯ ಅಳತೆಯಲ್ಲಿ ಹೆಚ್ಚಿದರೆ ಬಡಿಸುವ ಹೊತ್ತಿಗೆ ಕರಗಿರುತ್ತದೆ. ಪಲ್ಯದ ಬೀನ್ಸ್ ಒಂದು ಕಡೆ ಸಣ್ಣದು, ಒಂದು ಕಡೆ ದೊಡ್ಡದಾದರೆ ಅಡುಗೆ ಭಟ್ಟರು ಎಷ್ಟು ನಿಪುಣರಾದರೂ ಅರ್ಧ ಹಸಿ, ಅರ್ಧ ಮುದ್ದೆ. ಹೀಗಾಗಿ ಹದ ಹೆಚ್ಚುವವರ ಕೈಯಲ್ಲಿ ಆಗಲೇ ನಿಶ್ಚಯವಾಗಿರುತ್ತದೆ, ಒಲೆಯ ಮುಂದಿರುವವರು ಅದನ್ನು ಉಳಿಸಿಕೊಳ್ಳುತ್ತಾರೆ ಅಷ್ಟೆ.

ಪ್ರಶ್ನೆ ಕೇಳಿದ ತಮ್ಮನಿಗೆ ಕೆಲವು ಉಪಯೋಗದ ಮಾತುಗಳು. ಬಾಳೆಕಾಯಿ, ಹಲಸು ಹೆಚ್ಚುವ ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಮೇಣ ಅಂಟುವುದಿಲ್ಲ. ಬದನೆ, ಬಾಳೆಕಾಯಿಯ ಹೋಳು ಉಪ್ಪು ನೀರಿಗೆ; ಬಾಳೆದಿಂಡನ್ನು ಬಿಲ್ಲೆ ಕೊಯ್ಯುವಾಗ ನಾರನ್ನು ಬೆರಳಿಗೆ ಸುತ್ತಿ ತೆಗೆದು ಮಜ್ಜಿಗೆ ನೀರಿಗೆ ಬಿಡಬೇಕು. ಸುವರ್ಣಗಡ್ಡೆ ಕೈ ತುರಿಸುವುದು ಅದರೊಳಗಿನ ಸೂಜಿಯಂಥ ಹರಳುಗಳಿಂದ. ಒದ್ದೆ ಕೈಯಲ್ಲಿ ಮುಟ್ಟದೆ ಎಣ್ಣೆ ಹಚ್ಚಿಕೊಂಡು ಹೆಚ್ಚಿದರೆ ಬಾಧೆ ಕಡಿಮೆ. ಬೇಯಿಸುವಾಗ ಹುಣಸೆ ಬೀಳಲೇಬೇಕು. ಹಸಿಮೆಣಸಿನ ಉರಿಗೆ ಬರೀ ನೀರು ಪ್ರಯೋಜನವಿಲ್ಲ, ಮೊದಲು ಎಣ್ಣೆ ತಿಕ್ಕಿ ಆಮೇಲೆ ಸಾಬೂನು ಹಾಕಿ. ಕೊನೆಯದಾಗಿ, ಮೊಂಡ ಕತ್ತಿ ಸುರಕ್ಷಿತ ಎಂದು ಹೊಸಬರು ತಿಳಿಯುತ್ತಾರೆ. ನನ್ನ ಎಡಗೈ ತೋರುಬೆರಳಿನ ಗುರುತು ಮೊಂಡ ಕತ್ತಿಯದೇ. ಒತ್ತಿ ಕೊಯ್ಯಲು ಹೋಗಿ ಕುಂಬಳದ ಮೇಲಿಂದ ಜಾರಿತು.

ದೂರದೂರು (ಲೆಸ್ಟರ್)

ನಾನು ಇಂಗ್ಲೆಂಡಿನಲ್ಲಿ ಓದುತ್ತಾ, ವಿದ್ಯಾರ್ಥಿ ವೀಸಾದಲ್ಲಿ ತರಗತಿಗಳು ನಡೆಯುವ ಅವಧಿಗೆ ಅನುಮತಿಯಿರುವ ವಾರದ ಇಪ್ಪತ್ತು ಗಂಟೆಗಳನ್ನು ಒಂದು ದಕ್ಷಿಣ ಭಾರತೀಯ ರೆಸ್ಟೋರೆಂಟಿನಲ್ಲಿ ಇದೇ ಕೆಲಸ ಮಾಡಿ ಕಳೆದಿದ್ದೇನೆ. ಅಲ್ಲಿ ಇದಕ್ಕೆ 'ಪ್ರೆಪ್' ಎಂಬ ಹೆಸರೂ ಒಂದು ಪಟ್ಟಿಯೂ ಇವೆ. ರಾತ್ರಿ ಹೊರಡುವವರು ಪ್ರತಿಯೊಂದು ಡಬ್ಬಿಯಲ್ಲಿ ಎಷ್ಟು ಉಳಿದಿದೆ, ನಾಳೆಗೆ ಎಷ್ಟಿರಬೇಕು ಎಂದು ಬರೆದು ಹೋಗುತ್ತಾರೆ. ವ್ಯತ್ಯಾಸವೇ ಬೆಳಿಗ್ಗೆ ಬಂದವರ ಕೆಲಸ. ಡಬ್ಬಿಯ ಮೇಲೆ ತಯಾರಿಸಿದ ದಿನದ ಚೀಟಿ ಇಲ್ಲದಿದ್ದರೆ ಒಳಗಿರುವುದು ಎಷ್ಟೇ ಚೆನ್ನಾಗಿದ್ದರೂ ಕಸಕ್ಕೆ ಹೋಗುತ್ತದೆ. ಬಿಸಿಯಾಗಿ ಇಡುವುದು ಅರವತ್ತಮೂರು ಡಿಗ್ರಿಗಿಂತ ಮೇಲಿರಬೇಕು, ತಣ್ಣಗೆ ಇಡುವುದು ಎಂಟಕ್ಕಿಂತ ಮೇಲೇರಬಾರದು.

ನನಗೆ ಕಷ್ಟವೆನಿಸಿದ್ದು ಅಲರ್ಜಿಯ ಲೆಕ್ಕ. ಅಲ್ಲಿ ಹದಿನಾಲ್ಕು ಪದಾರ್ಥಗಳ ವಿಷಯದಲ್ಲಿ ಗ್ರಾಹಕರಿಗೆ ಮಾಹಿತಿ ಕೊಡಲೇಬೇಕು, ಆ ಪಟ್ಟಿಯಲ್ಲಿ ಸಾಸಿವೆಯೂ ಇದೆ. ನಮ್ಮ ಒಗ್ಗರಣೆಯನ್ನು ಅಪಾಯದ ಪಟ್ಟಿಯಲ್ಲಿ ನೋಡಿದ ದಿನ ನಕ್ಕಿದ್ದೆ. ಆಮೇಲೆ ಇಂಗಿನ ಡಬ್ಬಿಯಲ್ಲಿ ಗೋಧಿ ಹಿಟ್ಟು ಬೆರೆತಿರುವುದನ್ನು ಓದಿದಾಗ ನಗು ನಿಂತಿತು, ಏಕೆಂದರೆ ಅದಕ್ಕೆ ಹಿಂದಿನ ವಾರವಷ್ಟೇ ಗೋಧಿ ತಿನ್ನಬಾರದ ಒಬ್ಬರಿಗೆ ಸಾಂಬಾರು ನಿರಪಾಯವೆಂದು ನಾನೇ ಹೇಳಿದ್ದೆ.

ಪಟ್ಟಿಯಿಂದ ಅಂದಾಜು ಸುಲಭವಾಗುತ್ತದೆ ಎಂಬುದು ನಿಜ. ಆದರೆ ಪಟ್ಟಿಗೆ ಸಂಕಷ್ಟಿ ಗೊತ್ತಿರುವುದಿಲ್ಲ. ದೀಪಾವಳಿಯ ಸಂಜೆ ಊರಿನ ಅರ್ಧ ಜನ ಬೀದಿಗೆ ಇಳಿಯುತ್ತಾರೆಂಬುದನ್ನು ನಮ್ಮಲ್ಲಿ ಕೈಯಿಂದಲೇ ಬರೆದು ಸೇರಿಸಬೇಕಾಗಿತ್ತು.

ಕಾಯಿದೆಕಟ್ಟಳೆ (ಹುಬ್ಬಳ್ಳಿ)

ಮೊದಲ ಬರಹದಲ್ಲಿದ್ದ ಒಂದು ಸಂಗತಿಯನ್ನು ಎಲ್ಲರೂ ದಾಟಿ ಹೋಗಿದ್ದೀರಿ: ಹುಳಿಯಾದ ಹಿಟ್ಟಿನ ಹಣವನ್ನು ಸಂಬಳದಲ್ಲಿ ಹಿಡಿದದ್ದು. ವೇತನದ ಕಾನೂನಿನಲ್ಲಿ ನಷ್ಟಕ್ಕಾಗಿ ಕಡಿತ ಮಾಡಲು ಅವಕಾಶವಿರುವುದು, ನೌಕರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ವಸ್ತು ಅವನ ನಿರ್ಲಕ್ಷ್ಯದಿಂದಲೇ ಹಾಳಾದಾಗ, ಅದೂ ಅವನ ವಿವರಣೆಯನ್ನು ಕೇಳಿದ ಮೇಲೆ. ನಾಳೆ ಎಷ್ಟು ಜನ ಬರುತ್ತಾರೆಂದು ಊಹಿಸಿದ್ದು ತಪ್ಪಾದರೆ ಅದು ವ್ಯಾಪಾರದ ನಷ್ಟ, ನಿರ್ಲಕ್ಷ್ಯವಲ್ಲ. ಇನ್ನು ಸಂಜೆಯ ರುಬ್ಬುವಿಕೆ ಮತ್ತು ಬೆಳಗಿನ ನಾಲ್ಕು ಗಂಟೆಯ ಕೆಲಸ ಎರಡೂ ಒಬ್ಬರದೇ ಎಂದರೆ ಗಂಟೆಗಳನ್ನೂ ಎಣಿಸಬೇಕಾಗುತ್ತದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಹಾಕಿದ ಮಿತಿ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು. ಅದಕ್ಕೂ ಮೇಲ್ಪಟ್ಟ ಕೆಲಸಕ್ಕೆ ಎರಡು ಪಟ್ಟು ವೇತನ, ವಾರಕ್ಕೊಂದು ರಜೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ, 21,000 ರೂಪಾಯಿವರೆಗಿನ ಸಂಬಳದವರಿಗೆ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಇರಬೇಕು. ಸುಟ್ಟ ಕೈ, ಕೊಯ್ದ ಬೆರಳಿನ ಕೆಲಸದಲ್ಲಿ ಅದು ಸಣ್ಣ ಸಂಗತಿಯಲ್ಲ.

ಬೆಣ್ಣೆದೋಸೆ (ದಾವಣಗೆರೆ)

ಸ್ವಾಮಿ, ಕಾಯಿದೆ ಸರಿಯಿದೆ. ಆದರೆ ಬೆಳಿಗ್ಗೆ ಐದಕ್ಕೆ ಬಾಗಿಲು ತೆರೆದು ರಾತ್ರಿ ಹತ್ತಕ್ಕೆ ಮುಚ್ಚುವ ಹೋಟೆಲಿಗೆ ಎರಡು ಪಾಳಿಯ ಜನ ಸಿಗುವುದು ಎಷ್ಟು ಕಷ್ಟವೆಂದು ಅದು ಹೇಳುವುದಿಲ್ಲ. ಹೀಗಿದ್ದರೂ ಹಿಟ್ಟಿನ ಹಣ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ನನ್ನ ಕಾರಣ ಧರ್ಮವಲ್ಲ, ಲೆಕ್ಕ: ದಂಡಕ್ಕೆ ಹೆದರಿದ ಹುಡುಗ ಮುಂದೆ ಯಾವಾಗಲೂ ಕಡಿಮೆಯೇ ರುಬ್ಬುತ್ತಾನೆ, ಮತ್ತು ಬಾಗಿಲಿಗೆ ಬಂದು ಹಿಂದಿರುಗಿದ ಗಿರಾಕಿಯ ನಷ್ಟ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ.

ಕಾಯಿದೆಕಟ್ಟಳೆ (ಹುಬ್ಬಳ್ಳಿ)

ಜನ ಸಿಗದಿರುವುದಕ್ಕೂ ಹದಿನಾಲ್ಕು ಗಂಟೆ ದುಡಿಸುವುದಕ್ಕೂ ಇರುವ ಸಂಬಂಧವನ್ನು ತಾವು ತಿರುಗಿಸಿ ಓದಿಕೊಂಡರೆ ಉತ್ತಮ.

ಹೊಸಕೈ (ಬೆಂಗಳೂರು)

ಮೂರು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಎಲ್ಲರಿಗೂ ಕೃತಜ್ಞ. ಮೊದಲು ಮಾಡಿದ್ದು ಸೌಟು ಅಳೆದದ್ದು. ನಮ್ಮಲ್ಲಿ ಇಬ್ಬರು ದೋಸೆ ಹೊಯ್ಯುತ್ತಾರೆ. ಒಬ್ಬರ ಸೌಟು ನೂರ ಐದು ಮಿಲಿಲೀಟರ್, ಇನ್ನೊಬ್ಬರದು ನೂರ ನಲವತ್ತು. ಆ ಭಾನುವಾರ ಎರಡನೆಯವರು ಕಾವಲಿಯ ಮುಂದಿದ್ದರು. ಗಲ್ಲಾದ ಲೆಕ್ಕದಲ್ಲಿ ಮುನ್ನೂರ ಎಂಬತ್ತು ದೋಸೆಯಷ್ಟೇ ಹೋಗಿತ್ತು. ಇದನ್ನು ಎಲ್ಲರ ಎದುರು ಹೇಳುವುದು ಸರಿಯಲ್ಲವೆಂದು ಮಾಸ್ಟರಿಗೆ ಮಾತ್ರ ತಿಳಿಸಿದೆ. ಮರುದಿನ ಇಬ್ಬರಿಗೂ ಒಂದೇ ಅಳತೆಯ ಸೌಟು ಬಂತು, ಯಾರೂ ಏನೂ ಮಾತನಾಡಲಿಲ್ಲ.

ನೂರು ಪುಟದ ಒಂದು ಪುಸ್ತಕ ಇಟ್ಟಿದ್ದೇನೆ. ಎಡಪುಟದಲ್ಲಿ ರುಬ್ಬಿದ್ದು, ಹೋದ ದೋಸೆ, ಉಳಿದದ್ದು. ಬಲಪುಟದಲ್ಲಿ ಮಳೆ, ಹಬ್ಬ, ಹತ್ತಿರದ ಶಾಲೆಯ ರಜೆ, ಕ್ರಿಕೆಟ್ ಪಂದ್ಯ. ಒಂದು ಪಾಲು ಉದ್ದನ್ನು ಫ್ರಿಜ್ಜಿನಲ್ಲಿ ಉಳಿಸಿಕೊಳ್ಳುವ ಕ್ರಮಕ್ಕೂ ಮಾಸ್ಟರ್ ಒಪ್ಪಿದ್ದಾರೆ. ಈ ಮೂರು ವಾರಗಳಲ್ಲಿ ಹಿಟ್ಟು ಒಮ್ಮೆ ಮಾತ್ರ ಕಡಿಮೆಯಾಯಿತು, ಅಂದು ರವೆ ಇಡ್ಲಿ ಮಾಡಿಕೊಟ್ಟೆವು. ಸಂಬಳದಲ್ಲಿ ಹಿಡಿದ ಹಣ ಇನ್ನೂ ಬಂದಿಲ್ಲ, ಕೇಳಿದ್ದೇನೆ. ಇ.ಎಸ್.ಐ. ಬಗ್ಗೆ ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ನಾಳೆ ಸಂಕಷ್ಟಿ. ಮಾಮೂಲಿ ದಿನಗಳಲ್ಲಿ ಹಾಕುವ ನಾಲ್ಕು ಕಿಲೋ ಉದ್ದಿನ ಬದಲು ಮೂರೂವರೆ ಕಿಲೋ ನೆನೆಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ.

ಹಳೆಯ ಸೌಟು (ಕುಂದಾಪುರ)

ತಮ್ಮಾ, ನಾಳೆ ಮಂಗಳವಾರವೂ ಹೌದು. ಅಂಗಾರಕ ಸಂಕಷ್ಟಿಗೆ ಬೇರೆ ತಿಂಗಳು ಉಪವಾಸ ಮಾಡದವರೂ ಮಾಡುತ್ತಾರೆ. ಅರ್ಧ ಕಿಲೋ ಉದ್ದನ್ನು ಬಸಿದು ಫ್ರಿಜ್ಜಿಗೆ ಇಡು, ಮೂರು ಸಾಕು.